ಹಿತ್ತಿಲ ಕೋಳಿಗಳಿಗೆ ಬೀದಿನಾಯಿಗಳಿಂದ ರಕ್ಷಣೆ



ಹಳ್ಳಿಯ ಗೃಹಿಣಿಯರಿಗೆ ಕೋಳಿಯೇ ಕೈಗಾಸು. ಗೂಡಿಗೆ ನುಗ್ಗಿದ ನಾಯಿಯು ಹಸಿವು ತೀರಿದರೂ ನಿಲ್ಲದೆ, ರೆಕ್ಕೆ ಬಡಿದುದನ್ನೆಲ್ಲ ಕಚ್ಚಿ ಕೆಡಹುವುದುಂಟು.

ನಾಯಿಯು ಬೇಲಿಯ ಬುಡವನ್ನು ತೋಡಿ ನುಸುಳಬಲ್ಲದು. ಆದುದರಿಂದ ತಂತಿಬಲೆಯನ್ನು ಒಂದಡಿ ಆಳ ಹೂಳಿ, ಹೊರಮಗ್ಗುಲಿಗೆ ಚಪ್ಪಡಿ ಹಾಸತಕ್ಕದ್ದು. ತೆಳುವಾದ ಕೋಳಿಬಲೆಯು ಕೋಳಿಯನ್ನು ತಡೆದೀತು, ನಾಯಿಯ ಹಲ್ಲನ್ನು ತಡೆಯದು. ಗಟ್ಟಿಬಲೆಯು ಕೈಗೆಟುಕದವರು ಗೂಡನ್ನು ಕಲ್ಲುಕಂಬಗಳ ಮೇಲೆ ನಿಲ್ಲಿಸಿ, ಸೂರ್ಯಾಸ್ತಕ್ಕೆ ಮುಂಚೆಯೇ ಕೋಳಿಗಳನ್ನು ಕೂಡಿ, ಹಲಗೆಯ ಬಾಗಿಲಿಗೆ ಅಗುಳಿ ಹಾಕುವುದು. ಮಂಕರಿಯನ್ನು ಕವುಚಿಟ್ಟರೆ ನಾಯಿಯು ಮೂತಿಯಿಂದಲೇ ಉರುಳಿಸೀತು.

ಸತ್ತ ಕೋಳಿಯನ್ನೂ ಕರುಳನ್ನೂ ತಿಪ್ಪೆಗೆ ಎಸೆಯುವ ಊರು ನಾಯಿಗೆ ತಾನೇ ರುಚಿ ಕಲಿಸುತ್ತದೆ. ಅವನ್ನು ಆಳವಾಗಿ ಹೂಳಿಸುವುದು ಗ್ರಾಮದ ಮುಖಂಡರ ಹೊಣೆ. ವಿಷವಿಡುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧ; ಅದನ್ನು ತಿಂದು ಮನೆಯ ಕಾವಲುನಾಯಿಯೇ ಸತ್ತೀತು.