ಹೊಸ್ತಿಲಲ್ಲಿ ಸಿಕ್ಕ ಮಾತು
(ಮಾತೆ ಮರಿಯಮ್ಮನವರ ಸಂದರ್ಶನದ ಹಬ್ಬ, ಮೇ ೩೧)



ಇಂದಿನ ಶುಭಸಂದೇಶದಲ್ಲಿ ಬಂಧುಗಳಾದ ಇಬ್ಬರು ಹೆಂಗಸರು ಭೇಟಿಯಾಗುತ್ತಾರೆ. ಒಬ್ಬರು ವಯಸ್ಸಾದವರು, ಇನ್ನೊಬ್ಬರು ಹರೆಯದವರು. ಇಬ್ಬರೂ ಗರ್ಭಿಣಿಯರು, ಇಬ್ಬರ ವಿಷಯದಲ್ಲೂ ಊರ ಬಾಯಿ ಸುಮ್ಮನಿರುವಂಥದ್ದಲ್ಲ. ಮರಿಯಮ್ಮನವರಿಗೆ ಮದುವೆ ಗೊತ್ತಾಗಿತ್ತು, ಇನ್ನೂ ಗಂಡನ ಮನೆ ಸೇರಿರಲಿಲ್ಲ. ನಜರೇತಿನಿಂದ ಯೂದಾಯದ ಬೆಟ್ಟಸೀಮೆಗೆ ೧೦೦ ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ ಬಂದಿದ್ದಾರೆ.

ನಮ್ಮ ಮನೆಗಳಲ್ಲಾದರೆ ಬಾಗಿಲಲ್ಲೇ ಏನು ಕೇಳುತ್ತಿದ್ದೆವು? "ಇದೇನೇ ಇದು? ನಿಮ್ಮಮ್ಮನಿಗೆ ಗೊತ್ತಾ? ಜನ ಏನಂತಾರೆ?" ಎಲಿಜಬೇತಮ್ಮನವರು ಇವೊಂದನ್ನೂ ಕೇಳಲಿಲ್ಲ. ಒಳಗೆ ಕರೆದು ಕಿವಿಯಲ್ಲಿ ಹೇಳಲೂ ಇಲ್ಲ. ದೇವರು ಹೇಳಿದ್ದನ್ನು ನಂಬಿದ ನೀನು ಧನ್ಯಳಮ್ಮಾ ಎಂಬರ್ಥದಲ್ಲಿ, ದೊಡ್ಡ ದನಿಯಲ್ಲಿ ಕೂಗಿ ಹೇಳಿದರು.

ಆ ಮನೆಯ ಯಜಮಾನರಿಗೆ ಆಗ ಮಾತೇ ಇರಲಿಲ್ಲ ಎಂಬುದನ್ನು ನಾವು ಗಮನಿಸುವುದು ಕಡಿಮೆ. ದೂತರ ಮಾತನ್ನು ಸಂಶಯಿಸಿದ ಜಕರೀಯನವರು ತಿಂಗಳುಗಟ್ಟಲೆ ಮೂಕರಾಗಿದ್ದರು. ಅಂದರೆ ಎಲಿಜಬೇತಮ್ಮನವರು ತಾವೇ ಗಂಡನ ಬಾಯಿಂದ ಒಂದು ಮಾತು ಕೇಳದೆ ದಿನ ದೂಡುತ್ತಿದ್ದವರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಬಂಜೆ ಎನಿಸಿಕೊಂಡವರು. ತನಗೆ ಸಿಗದಿದ್ದನ್ನು ಇನ್ನೊಬ್ಬರಿಗೆ ಕೊಡುವುದು ಸುಲಭವಲ್ಲ. "ನಾನು ಪಟ್ಟ ಪಾಡು ಸೊಸೆಯೂ ಪಡಲಿ" ಎನ್ನುವವರನ್ನು ನಾವು ಬಲ್ಲೆವಲ್ಲ!

ಇನ್ನೊಂದು ಸಂಗತಿ. ಗಬ್ರಿಯೇಲ ದೂತರ ಮುಂದೆ ಮರಿಯಮ್ಮನವರು ಒಪ್ಪಿಗೆ ಕೊಟ್ಟರು, ಹಾಡಲಿಲ್ಲ. ಧರ್ಮಸಭೆ ಇಂದಿಗೂ ಪ್ರತಿ ಸಂಜೆಯ ಪ್ರಾರ್ಥನೆಯಲ್ಲಿ ಹಾಡುವ ಅವರ ಸ್ತುತಿಗೀತೆ ಹೊರಟದ್ದು ಬಂಧುವೊಬ್ಬರ ಬಾಯಿಂದ ಒಳ್ಳೆಯ ಮಾತು ಕೇಳಿದ ಮೇಲೆ. ದೇವದೂತರು ಬಂದು ಹೋದ ಮೇಲೂ ಮನುಷ್ಯರಿಗೆ ಮನೆಯವರ ಮಾತು ಬೇಕು. ಯಾರಾದರೂ ಹೊಗಳಿದರೆ ನಾವು "ಅಯ್ಯೋ, ಏನಿಲ್ಲ ಬಿಡಿ" ಎನ್ನುತ್ತೇವೆ. ಮರಿಯಮ್ಮನವರು ಹಾಗೆನ್ನಲಿಲ್ಲ. ಮಾತನ್ನು ಸ್ವೀಕರಿಸಿದರು, ಸ್ತುತಿಯನ್ನು ದೇವರಿಗೆ ಸಲ್ಲಿಸಿದರು, ಆಮೇಲೆ ಮೂರು ತಿಂಗಳು ಅಲ್ಲೇ ಉಳಿದರು. ಏನೇನು ಕೆಲಸ ಮಾಡಿದರೆಂದು ಸಂತ ಲೂಕರು ಬರೆದಿಲ್ಲ. ಆರು ತಿಂಗಳ ಬಸುರಿ ಇರುವ ಮನೆಯಲ್ಲಿ ಏನೇನು ಕೆಲಸವಿರುತ್ತದೆ ಎಂದು ನಮ್ಮ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ನಾನು ಗುರುಮಠಕ್ಕೆ ಹೊರಟಾಗ ಊರವರೆಲ್ಲ ಗುರುವಾಗಿಯೇ ಬಾ ಎಂದು ಹರಸಿದರು. ಅಜ್ಜಿ ಮಾತ್ರ, "ಇದ್ದರೆ ದೇವರಿದ್ದಾನೆ ಮಗಾ, ಬಂದರೆ ಮನೆ ಇದೆ" ಎಂದಳು. ಆ ಒಂದು ಮಾತಿನ ಧೈರ್ಯದಿಂದಲೇ ಅಷ್ಟು ವರ್ಷ ಉಳಿದೆ. ಗುರುದೀಕ್ಷೆಯ ಹೊತ್ತಿಗೆ ಅವಳಿರಲಿಲ್ಲ. ಮೊದಲ ಬಲಿಪೂಜೆಯಲ್ಲಿ ಅವಳ ಹೆಸರು ಹೇಳಿ ದೇವರಿಗೆ ಕೃತಜ್ಞತೆ ಸಲ್ಲಿಸಿದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮನೆಯಿಂದ ಹೊರಗೇ ಬಾರದ ಮಕ್ಕಳು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರೆ. ಅಂಕಪಟ್ಟಿಗಿಂತ ಅಪ್ಪ ಏನನ್ನುತ್ತಾರೋ ಎಂಬ ಭಯವೇ ಅವರಿಗೆ ದೊಡ್ಡದು. ಅಪ್ಪಂದಿರೇ, ದಯವಿಟ್ಟು ಜಕರೀಯರಂತೆ ಮೂಕರಾಗಬೇಡಿ. "ಮತ್ತೆ ಬರೆಯೋಣ, ನಾನಿದ್ದೇನೆ" ಎನ್ನಲು ಕಾಸು ಖರ್ಚಾಗುವುದಿಲ್ಲ. ಆ ಮಾತಿಲ್ಲದೆ ಕೆಲವು ಮಕ್ಕಳು ಏನು ಮಾಡಿಕೊಳ್ಳುತ್ತಾರೆಂದು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ.

ನಮೋ ಮರಿಯಾ ಪ್ರಾರ್ಥನೆಯ ಆರಂಭ ದೂತರ ವಂದನೆ. ಅದರ ಬೆನ್ನಿಗೇ ಬರುವುದು ಎಲಿಜಬೇತಮ್ಮನವರ ಮಾತು. ಒಂದು ಜಪಸರದಲ್ಲಿ ೫೩ ಸಲ ಅದನ್ನೇ ಹೇಳುತ್ತೇವೆ. ಬೆಟ್ಟದೂರಿನ ಒಬ್ಬ ಗೃಹಿಣಿ ಬಂಧುವಿನ ಮಗಳಿಗೆ ಹೇಳಿದ ಮಾತು ಲೋಕವೆಲ್ಲ ಹೇಳುವ ಪ್ರಾರ್ಥನೆಯಾಯಿತು.

ಇಂದು ಸಂಜೆ ಗವಿಯ ಮುಂದೆ ಮರಿಯಮ್ಮನವರ ತಿಂಗಳ ಕಡೆಯ ಜಪಸರ. ಸಂತೋಷದ ರಹಸ್ಯಗಳನ್ನೇ ಧ್ಯಾನಿಸೋಣ. ಎರಡನೆಯ ರಹಸ್ಯ ಬಂದಾಗ, ನಿಮಗೆ ಧೈರ್ಯ ಹೇಳಿದ ಮನೆಯವರೊಬ್ಬರನ್ನು ನೆನೆಯಿರಿ. ತೀರಿಕೊಂಡಿದ್ದರೆ ಅವರ ಆತ್ಮಕ್ಕಾಗಿ ಪ್ರಾರ್ಥಿಸಿ. ಪಕ್ಕದಲ್ಲೇ ನಿಂತಿದ್ದರೆ, ಮನೆಗೆ ಹೋಗುವ ದಾರಿಯಲ್ಲಿ ಅವರಿಗೇ ಹೇಳಿ.