ಸೌಂದರ್ಯ ಸಾಧನಗಳು ಕೆಡದಂತೆ ಕಾಪಾಡುವ ಬಗೆ
(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಬೇಸಾಯಶಾಸ್ತ್ರ ಕಲಿಸುವವನು ಮುಖಕ್ಕೆ ಹಚ್ಚುವ ಲೇಪದ ಬಗ್ಗೆ ಮಾತನಾಡಲು ನಿಂತಿರುವುದು ತಮಗೆ ಸೋಜಿಗವೆನಿಸಬಹುದು. ಆದರೆ ಲೋಳೆಸರ, ಅರಿಶಿನ, ಶೀಗೆ, ಅಂಟುವಾಳ ಇವೆಲ್ಲ ನಮ್ಮ ಹೊಲ ಬದುಗಳಲ್ಲಿ ಬೆಳೆಯುವಂಥವೇ. ಇವನ್ನು ಹಾಗೆಯೇ ಮಾರುವ ಬದಲು ಜೆಲ್, ಶಾಂಪೂ, ಕೇಶತೈಲ ಮಾಡಿ ಮಾರಿದರೆ ಹೆಚ್ಚು ಹಣ ಬರುತ್ತದೆಂದು ಅನೇಕ ಸ್ವಸಹಾಯ ಸಂಘಗಳು ಮುಂದೆ ಬಂದಿವೆ. ಇದು ಸಂತೋಷದ ವಿಷಯ. ಆದರೆ ಮಾಡಿದ ಪದಾರ್ಥ ಕೊಂಡವರ ಮನೆಯಲ್ಲಿ ಕೆಡದೆ ಉಳಿಯಬೇಕು. ಅದು ಹೇಗೆ ಎಂಬುದೇ ಈ ದಿನದ ವಿಷಯ.

ಕೆಡುವುದಕ್ಕೆ ಕಾರಣ

ರಾಗಿಯನ್ನೋ ಶೇಂಗಾವನ್ನೋ ಹಸಿಯಾಗಿ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿದರೆ ಹಿಡಿಯುವುದಿಲ್ಲ. ಲೇಪಗಳಿಗೂ ಇದೇ ನಿಯಮ. ನೀರಿದ್ದ ಕಡೆ ಸೂಕ್ಷ್ಮಾಣು ಜೀವಿಗಳು ಬೆಳೆಯುತ್ತವೆ, ನೀರಿಲ್ಲದ ಕಡೆ ಬೆಳೆಯಲಾರವು. ಲೋಳೆಸರದ ತಿರುಳಿನಲ್ಲಿ ಶೇಕಡಾ 98ಕ್ಕಿಂತ ಹೆಚ್ಚು ಭಾಗ ನೀರು. ಉಳಿದ ಅಲ್ಪ ಭಾಗದಲ್ಲಿ ಸಕ್ಕರೆಯ ಜಾತಿಯ ಪದಾರ್ಥಗಳಿವೆ. ಎಂದರೆ ಕುಡಿಯಲು ನೀರು, ತಿನ್ನಲು ಆಹಾರ ಎರಡೂ ಸಿದ್ಧವಾಗಿವೆ.

ಅನುಕೂಲ ಸಿಕ್ಕರೆ ಒಂದು ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೇ ಎರಡಾಗಬಲ್ಲದು. ಅರ್ಧ ಗಂಟೆಯ ಲೆಕ್ಕದಲ್ಲಿ ಎಂಟು ಗಂಟೆಗೆ ಒಂದು ಇದ್ದದ್ದು 65,536 ಆಗುತ್ತದೆ. ಸಂಜೆ ತೆಗೆದ ತಿರುಳನ್ನು ಬೆಳಿಗ್ಗೆ ಬಾಟಲಿಗೆ ತುಂಬುವವರು ಈ ಲೆಕ್ಕವನ್ನು ನೆನಪಿಡಬೇಕು. ಇನ್ನೊಂದು ತೊಡಕೂ ಇದೆ. ಒಂದು ಮಿಲಿಲೀಟರಿನಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇದ್ದರೂ ಕಣ್ಣಿಗೆ ಏನೂ ಕಾಣದು, ಮೂಗಿಗೆ ವಾಸನೆ ತಿಳಿಯದು. ಆದುದರಿಂದ 'ನೋಡಲು ಚೆನ್ನಾಗಿದೆ' ಎಂಬುದು ಪರೀಕ್ಷೆಯಲ್ಲ.

ಆಗುವ ಹಾನಿ

ಕೆಟ್ಟ ಲೇಪದಿಂದ ಬರುವ ತೊಂದರೆ ತುರಿಕೆ ಮೊಡವೆಗಳಿಗೆ ಮುಗಿಯುವುದಿಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ, ರೆಪ್ಪೆಗೆ ಹಚ್ಚುವ ಮಸ್ಕಾರಾದಲ್ಲಿ ಬೆಳೆದಿದ್ದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದ ಕೆಲವು ಮಹಿಳೆಯರ ಕಣ್ಣಿನ ಪಾರದರ್ಶಕ ಪಟಲದಲ್ಲಿ ಹುಣ್ಣಾದುದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಹಚ್ಚುವಾಗ ಕಣ್ಣಿಗೆ ಆದ ಸಣ್ಣ ಗೀರೇ ಅದಕ್ಕೆ ದಾರಿಯಾಯಿತು. ನ್ಯೂಜಿಲೆಂಡಿನಲ್ಲಿ ಕಲುಷಿತ ಟಾಲ್ಕಂ ಪುಡಿಯಿಂದ ನವಜಾತ ಶಿಶುಗಳಿಗೆ ಧನುರ್ವಾಯು ತಗುಲಿದುದು 1946ರಲ್ಲಿ ವರದಿಯಾಯಿತು. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿ, ಅದರಲ್ಲೂ ಸಗಣಿ ಗೊಬ್ಬರ ಬಿದ್ದ ಮಣ್ಣಿನಲ್ಲಿ ಇರುತ್ತವೆ. ಸಾಮಾನ್ಯ ಕುದಿತಕ್ಕೆ ಅವು ಸಾಯುವುದಿಲ್ಲ. ಹೊಲದ ಮಣ್ಣನ್ನು ಜರಡಿ ಹಿಡಿದು ಮುಖಲೇಪವೆಂದು ಮಾರುವುದು ಎಷ್ಟು ಅಪಾಯವೆಂಬುದು ಇದರಿಂದ ತಿಳಿಯುತ್ತದೆ.

ಹಿರಿಯರ ಕ್ರಮ ಮತ್ತು ಇಂದಿನ ಬಾಟಲಿ

'ನಮ್ಮ ಅಜ್ಜಿ ಯಾವ ರಾಸಾಯನಿಕ ಹಾಕುತ್ತಿದ್ದರು?' ಎಂದು ಕೇಳುವವರಿದ್ದಾರೆ. ಅಜ್ಜಿ ಶೀಗೆಪುಡಿಯನ್ನು ಒಣಗಿಸಿ ಡಬ್ಬಿಯಲ್ಲಿಟ್ಟು, ಎಣ್ಣೆನೀರಿನ ದಿನ ಬೇಕಾದಷ್ಟನ್ನೇ ಕಲಸುತ್ತಿದ್ದರು. ಅರಿಶಿನ, ಕಡಲೆಹಿಟ್ಟುಗಳನ್ನೂ ಅಂದೇ ಕಲಸಿ ಅಂದೇ ಮುಗಿಸುತ್ತಿದ್ದರು. ದಾಸವಾಳ, ಕರಿಬೇವಿನ ಸೊಪ್ಪು ಹಾಕಿದ ಎಣ್ಣೆಯನ್ನು ಚಟಪಟ ಸದ್ದು ನಿಂತು ಎಲೆ ಗರಿಗರಿಯಾಗುವವರೆಗೆ ಕಾಯಿಸುತ್ತಿದ್ದರು. ಸದ್ದು ನಿಂತಿತೆಂದರೆ ನೀರು ಹೋಯಿತೆಂದು ಅರ್ಥ. ಅವರಿಗೆ ಸಂರಕ್ಷಕ ಬೇಕಿರಲಿಲ್ಲ. ಏಕೆಂದರೆ ನೀರಿದ್ದುದನ್ನು ಅವರು ಕೂಡಿಡುತ್ತಲೇ ಇರಲಿಲ್ಲ. ನಾವು ಅದೇ ಪದಾರ್ಥವನ್ನು ನೀರಿನ ಸಮೇತ ಬಾಟಲಿಗೆ ತುಂಬಿ ಆರು ತಿಂಗಳು ಅಂಗಡಿಯಲ್ಲಿಡುತ್ತೇವೆ. ಸಂಪ್ರದಾಯವನ್ನು ಮುರಿದವರು ನಾವೇ ಆದುದರಿಂದ ಅದರ ಹೊಣೆಯನ್ನೂ ನಾವೇ ಹೊರಬೇಕು.

ಹಾಗಾಗಿ ನನ್ನ ಮೊದಲ ಸಲಹೆ ಇಷ್ಟು: ಹೊಸದಾಗಿ ಆರಂಭಿಸುವ ಸಂಘಗಳು ನೀರಿಲ್ಲದ ಪದಾರ್ಥಗಳಿಂದಲೇ ತೊಡಗಲಿ. ಕೇಶತೈಲ, ಜೇನುಮೇಣ ಮತ್ತು ಎಣ್ಣೆಯಿಂದ ಮಾಡಿದ ತುಟಿಲೇಪ, ಚೆನ್ನಾಗಿ ಒಣಗಿಸಿದ ಪುಡಿಗಳು, ಬಿಲ್ಲೆ ಸಾಬೂನು ಇವಕ್ಕೆ ಸಾಮಾನ್ಯವಾಗಿ ಸಂರಕ್ಷಕ ಬೇಡ. ಸಾಬೂನಿನ ಕ್ಷಾರವೇ ಅದನ್ನು ಕಾಯುತ್ತದೆ. ಆದರೆ ಇವುಗಳಿಗೆ ಒದ್ದೆ ಕೈ, ಒದ್ದೆ ಚಮಚ ಸೋಕಬಾರದು.

ಸಂರಕ್ಷಕ ಮತ್ತು ರಸಸಾರ

ಲೋಳೆಸರದ ಜೆಲ್, ಕ್ರೀಮು, ಅಂಟುವಾಳದ ದ್ರವ ಶಾಂಪೂ ಇವುಗಳಲ್ಲಿ ನೀರಿದೆ. ಇವಕ್ಕೆ ಸಂರಕ್ಷಕ ಬೇಕೇ ಬೇಕು. ಉಪ್ಪಿನಕಾಯಿ, ಹಣ್ಣಿನ ಪಾನಕಗಳಿಗೆ ಬಳಸುವ ಸೋಡಿಯಂ ಬೆಂಜೋಯೇಟ್ ಸುಲಭವಾಗಿ ಸಿಗುತ್ತದೆ. ಆದರೆ ಇದು ಕೆಲಸ ಮಾಡುವುದು ಹುಳಿಯಲ್ಲಿ ಮಾತ್ರ. ಭೂಮಿಯ ರಸಸಾರ ಸರಿಯಿಲ್ಲದಿದ್ದರೆ ಹಾಕಿದ ರಂಜಕ ಗಿಡಕ್ಕೆ ದಕ್ಕದಿರುವುದನ್ನು ನೀವು ಬಲ್ಲಿರಿ. ಇಲ್ಲಿಯೂ ಹಾಗೆಯೇ. ಬೆಂಜೋಯೇಟು ಬೆಂಜೋಯಿಕ್ ಆಮ್ಲವಾದಾಗ ಮಾತ್ರ ಜೀವಾಣುವಿನ ಒಳಕ್ಕೆ ಹೊಕ್ಕು ಕೊಲ್ಲುತ್ತದೆ. ರಸಸಾರ 4.2 ಇದ್ದರೆ ಹಾಕಿದ್ದರಲ್ಲಿ ಅರ್ಧ ಭಾಗ ಈ ರೂಪದಲ್ಲಿರುತ್ತದೆ. 5.2 ಆದರೆ ಹನ್ನೊಂದರಲ್ಲಿ ಒಂದು ಭಾಗ, 6.2 ಆದರೆ ಸುಮಾರು ನೂರರಲ್ಲಿ ಒಂದು ಭಾಗ ಮಾತ್ರ. ಔಷಧ ಹಾಕಿಯೂ ಜೆಲ್ ಕೆಡುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಆದುದರಿಂದ ಸಿಟ್ರಿಕ್ ಆಮ್ಲದಿಂದ ಜೆಲ್ಲಿನ ರಸಸಾರವನ್ನು 4ರಿಂದ 4.5ಕ್ಕೆ ತನ್ನಿ. ಬೆಂಜೋಯೇಟ್ ಬೆರೆಸಿದ ಮೇಲೆ ರಸಸಾರ ಸ್ವಲ್ಪ ಏರುವುದರಿಂದ ಕೊನೆಯಲ್ಲಿ ಇನ್ನೊಮ್ಮೆ ಅಳೆಯಿರಿ. ಪ್ರಮಾಣ ಒಂದು ಕಿಲೋ ಜೆಲ್ಲಿಗೆ 5 ಗ್ರಾಂ ಮೀರಬಾರದು. ಬೂಷ್ಟನ್ನು ತಡೆಯಲು ಪೊಟ್ಯಾಸಿಯಂ ಸಾರ್ಬೇಟನ್ನು ಜೊತೆಗೆ ಬಳಸುವ ರೂಢಿಯಿದೆ. ಅಳತೆಯನ್ನು ತಕ್ಕಡಿಯಲ್ಲಿ ತೂಗಿ, ಚಿಟಿಕೆಯ ಲೆಕ್ಕ ಸಲ್ಲದು. ಕಡಿಮೆಯಾದರೆ ಕೆಡುತ್ತದೆ, ಹೆಚ್ಚಾದರೆ ಚರ್ಮ ಉರಿಯುತ್ತದೆ.

ಗಡಸು ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಂ ಕೆಲವು ಬ್ಯಾಕ್ಟೀರಿಯಾಗಳ ಹೊರಕವಚವನ್ನು ಗಟ್ಟಿ ಮಾಡುತ್ತವೆ. ಸತುವಿನ ಕೊರತೆಗೆ ಸಿಂಪಡಿಸುವ ಕೀಲೇಟಿನಲ್ಲಿರುವ ಇಡಿಟಿಎ ಎಂಬ ವಸ್ತು ಈ ಲವಣಗಳನ್ನು ಹಿಡಿದಿಟ್ಟು ಸಂರಕ್ಷಕಕ್ಕೆ ನೆರವಾಗುತ್ತದೆ. ಆದರೆ ಹೊಲದ ಗೊಬ್ಬರವನ್ನು ಲೇಪಕ್ಕೆ ಸೇರಿಸಬೇಡಿ. ಸೌಂದರ್ಯ ಸಾಧನಗಳಿಗೆಂದೇ ಸಿಗುವ ಶುದ್ಧ ಪದಾರ್ಥವನ್ನೇ ಬಳಸಿ. ಕೊಳವೆ ಬಾವಿಯ ನೀರನ್ನು ಬಿಟ್ಟು ಬಟ್ಟಿ ಇಳಿಸಿದ ನೀರು ಉಪಯೋಗಿಸಿ.

ವಿಟಮಿನ್ 'ಇ' ಹಾಕಿದರೆ ಸಾಕೆಂಬ ನಂಬಿಕೆ ತಪ್ಪು. ಅದು ಎಣ್ಣೆ ಕಮಟು ಹಿಡಿಯುವುದನ್ನು ತಡಮಾಡುತ್ತದೆಯೇ ಹೊರತು ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ. ಬೇವು, ಅರಿಶಿನಗಳನ್ನೂ ಜೆಲ್ಲಿನ ಕಾವಲಿಗೆ ನೆಚ್ಚಲಾಗದು. ಪ್ಯಾರಾಬೆನ್ ಎಂಬ ಹೆಸರು ಕೇಳಿ ಹೆದರುವವರೂ ಇದ್ದಾರೆ. ಯೂರೋಪಿನ ದೇಶಗಳು 2014ರಲ್ಲಿ ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿದರೂ ಮಿಥೈಲ್ ಮತ್ತು ಈಥೈಲ್ ಪ್ಯಾರಾಬೆನ್‌ಗಳನ್ನು ಮಿತಿಯಲ್ಲಿ ಬಳಸಲು ಬಿಟ್ಟಿವೆ. 'ಸಂರಕ್ಷಕ ರಹಿತ' ಎಂದು ಚೀಟಿ ಅಂಟಿಸಿದ ನೀರಿನ ಜೆಲ್ಲು ಹೆಮ್ಮೆಯ ವಸ್ತುವಲ್ಲ, ಅಪಾಯದ ವಸ್ತು.

ತಯಾರಿಕೆಯಲ್ಲಿ ಅನುಸರಿಸಬೇಕಾದ ಕ್ರಮಗಳು

ಬೀಜೋಪಚಾರದಿಂದ ಕೆಟ್ಟ ಬೀಜ ಒಳ್ಳೆಯದಾಗುವುದಿಲ್ಲ. ಹಾಗೆಯೇ ಕೊಳಕಿನಲ್ಲಿ ಮಾಡಿದ ಜೆಲ್ಲನ್ನು ಸಂರಕ್ಷಕ ಉಳಿಸಲಾರದು.

1. ಕೊಯ್ದ ಎಲೆಯನ್ನು ಅದೇ ದಿನ ಬಳಸಿ. ಬುಡವನ್ನು ಕೆಳಗೆ ಮಾಡಿ ನಿಲ್ಲಿಸಿ, ಹಳದಿ ಲೋಳೆ ಸೋರಿಹೋಗಲು ಬಿಡಿ. ಇದು ಚರ್ಮಕ್ಕೆ ತುರಿಕೆ ತರಬಹುದು.
2. ಎಲೆಗಳನ್ನು ಚೆನ್ನಾಗಿ ತೊಳೆದು ಮಣ್ಣು ತೆಗೆದ ಮೇಲೆಯೇ ಸಿಪ್ಪೆ ಬಿಡಿಸಿ.
3. ತಿರುಳಿನ ರಸವನ್ನು 65 ಡಿಗ್ರಿ ಸೆಂ. ಶಾಖದಲ್ಲಿ 15 ನಿಮಿಷ ಇಟ್ಟು ಕೂಡಲೇ ತಣಿಸಿ. ಕಾಯಿಸುವುದರಿಂದ ಇದ್ದ ಜೀವಾಣುಗಳು ಕಡಿಮೆಯಾಗುತ್ತವೆ; ಮುಂದೆ ಬಂದು ಸೇರುವುದನ್ನು ಸಂರಕ್ಷಕ ತಡೆಯುತ್ತದೆ. ಒಂದು ಇನ್ನೊಂದರ ಬದಲಿಯಲ್ಲ.
4. ಸ್ಟೀಲ್ ಪಾತ್ರೆಗಳನ್ನೇ ಬಳಸಿ. ಕೈಗೆ ಗಾಯವಾಗಿರುವವರು ಆ ದಿನ ಈ ಕೆಲಸದಲ್ಲಿ ತೊಡಗಬಾರದು.
5. ಅಗಲ ಬಾಯಿಯ ಡಬ್ಬಿಗಿಂತ ಟ್ಯೂಬು ಅಥವಾ ಒತ್ತುವ ಪಂಪಿನ ಬಾಟಲಿ ಮೇಲು. ಬೆರಳು ಅದ್ದಿದಷ್ಟೂ ಕೊಳೆ ಒಳಗೆ ಸೇರುತ್ತದೆ.
6. ಪ್ರತಿ ತಂಡದ ಸಂಖ್ಯೆ, ತಯಾರಿಸಿದ ದಿನಾಂಕ ಬರೆದಿಡಿ. ಒಂದೆರಡು ಬಾಟಲಿಗಳನ್ನು ನಿಮ್ಮಲ್ಲೇ ಉಳಿಸಿಕೊಂಡು ಗಮನಿಸಿ.

ಪರೀಕ್ಷೆ ಮತ್ತು ಪರವಾನಗಿ

ಮಾರಾಟಕ್ಕೆಂದು ಸೌಂದರ್ಯ ಸಾಧನ ತಯಾರಿಸಲು 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯಿದೆ, 2020ರ ಸೌಂದರ್ಯ ಸಾಧನಗಳ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಬೇಕು. ಪ್ರಯೋಗಾಲಯದಲ್ಲಿ ಸೂಕ್ಷ್ಮಾಣುಗಳ ಎಣಿಕೆ ಮಾಡಿಸಿ. ಸಾಮಾನ್ಯ ಲೇಪದ ಒಂದು ಗ್ರಾಂನಲ್ಲಿ 1000ಕ್ಕಿಂತ, ಶಿಶುಗಳಿಗೂ ಕಣ್ಣಿನ ಸುತ್ತಲೂ ಬಳಸುವುದರಲ್ಲಿ 100ಕ್ಕಿಂತ ಹೆಚ್ಚಿರಬಾರದೆಂಬುದು ಅಂತರರಾಷ್ಟ್ರೀಯ ಮಾನಕ. ಬೇಕೆಂದೇ ಜೀವಾಣುಗಳನ್ನು ಬೆರೆಸಿ, 28 ದಿನಗಳವರೆಗೆ ಅವು ಸಾಯುತ್ತವೆಯೇ ಎಂದು ನೋಡುವ ಪರೀಕ್ಷೆಯೂ ಇದೆ. ಸಂರಕ್ಷಕದ ನಿಜವಾದ ಸತ್ವ ತಿಳಿಯುವುದು ಇದರಿಂದಲೇ. ಖರ್ಚು ಹೆಚ್ಚಾದರೆ ಹಲವು ಸಂಘಗಳು ಸೇರಿ ಒಂದೇ ಸೂತ್ರವನ್ನು ಪರೀಕ್ಷೆ ಮಾಡಿಸಿಕೊಳ್ಳಬಹುದು. ಕಣ್ಣಿಗೆ ಹಚ್ಚುವ ಪದಾರ್ಥಗಳ ತಯಾರಿಕೆಗೆ ಮಾತ್ರ ಸಣ್ಣ ಸಂಘಗಳು ಕೈ ಹಾಕದಿರುವುದು ಒಳ್ಳೆಯದು.

ಒಟ್ಟಿನಲ್ಲಿ ನೆನಪಿಡಬೇಕಾದುದು ಮೂರೇ ಮಾತು. ಸಾಧ್ಯವಾದಷ್ಟೂ ನೀರಿಲ್ಲದ ಪದಾರ್ಥ ಮಾಡಿ. ನೀರಿದ್ದರೆ ರಸಸಾರ ಸರಿಪಡಿಸಿ, ಅಳತೆಯಲ್ಲಿ ಸಂರಕ್ಷಕ ಹಾಕಿ, ಪರೀಕ್ಷೆ ಮಾಡಿಸಿ. ಇವೆರಡೂ ಆಗದಿದ್ದರೆ ಲೋಳೆಸರವನ್ನು ಎಲೆಯ ರೂಪದಲ್ಲೇ ಮಾರಿ. ಲಾಭ ಸ್ವಲ್ಪ ಕಡಿಮೆಯಾದರೂ, ನಿಮ್ಮನ್ನು ನಂಬಿ ಕೊಂಡ ಮನೆಯ ಮಗುವಿನ ಮೈಗೆ ಕೇಡಾಗದು.