ಹಿಂದೆ ಉಳಿದ ಮರಿ

(ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಕಳೆದ ಮಾರ್ಗಶಿರದ ಚಳಿಯಲ್ಲಿ ನಮ್ಮ ಮಠದ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಬೀದಿನಾಯಿ ಆರು ಮರಿ ಹಾಕಿತು. ಐದು ಗುಂಡುಗುಂಡಾಗಿದ್ದವು. ಆರನೆಯದು ಅವುಗಳ ಅರ್ಧದಷ್ಟು. ಅದನ್ನು ಕಂಡು ನಾವು, "ಅದರ ಪೂರ್ವಕರ್ಮ ಅಷ್ಟೇ, ಉಳಿಯಲಾರದು" ಎಂದುಬಿಟ್ಟೆವು. ಶಾಸ್ತ್ರ ಓದಿದ ಬಾಯಿ, ಮಾತು ಸುಲಭವಾಗಿ ಬಂತು.

ನಮ್ಮ ಪ್ರಸಾದನಿಲಯದಲ್ಲಿ ಒಬ್ಬ ಬಾಲಕನಿದ್ದಾನೆ. ವಯಸ್ಸಿಗೆ ತಕ್ಕ ಮೈಯಿಲ್ಲದವನು. ಅವನು ಕೇಳಿದ: "ಬುದ್ಧಿ, ತಾಯಿ ಒಬ್ಬಳೇ, ಹುಟ್ಟಿದ್ದು ಒಂದೇ ರಾತ್ರಿ. ಇದೊಂದೇ ಏಕೆ ಸಣ್ಣದು?" ನಮ್ಮಲ್ಲಿ ಉತ್ತರವಿರಲಿಲ್ಲ. ದನಗಳನ್ನು ನೋಡಲು ಬಂದ ಪಶುವೈದ್ಯರನ್ನು ಕೇಳಿದೆವು.

ಅವರು ತಿಳಿಸಿದರು: ನಾಯಿಯ ಗರ್ಭವಾಸ ಸುಮಾರು 63 ದಿನ. ಒಳಗೆ ಪ್ರತಿ ಮರಿಗೂ ಅದರದೇ ಜರಾಯು, ಅಂದರೆ ಮಾಸು, ಇರುತ್ತದೆ. ತಾಯಿಯ ರಕ್ತ ಎಲ್ಲ ಮಾಸಿಗೂ ಒಂದೇ ಸಮನೆ ಹರಿಯುವುದಿಲ್ಲ. ಕಡಿಮೆ ಸಿಕ್ಕಿದ್ದು ಸಣ್ಣದಾಗುತ್ತದೆ. ಹುಟ್ಟಿದ ಮೇಲೆ ದೊಡ್ಡವು ನೂಕಿಕೊಂಡು ಹಾಲು ತುಂಬಿದ ಮೊಲೆ ಹಿಡಿಯುತ್ತವೆ, ಸಣ್ಣದು ಮತ್ತೆ ಹಿಂದೆ ಬೀಳುತ್ತದೆ. ಕೆಲವಕ್ಕೆ ಅಂಗುಳು ಸೀಳಿರುವಂಥ ಹುಟ್ಟುದೋಷವಿರುವುದೂ ಉಂಟು. ದೋಷವಿಲ್ಲದಿದ್ದರೆ, ಆಸರೆ ಸಿಕ್ಕರೆ, ಎಷ್ಟೋ ಸಣ್ಣ ಮರಿಗಳು ಒಡಹುಟ್ಟಿದವುಗಳ ಸಮಕ್ಕೆ ಬೆಳೆಯುತ್ತವೆ.

ನೋಡಿದಿರಾ? ನಾವು ಕರ್ಮವೆಂದದ್ದು, ಪಾಲು ಕಡಿಮೆ ಬಿದ್ದದ್ದು ಅಷ್ಟೆ!

ವೈದ್ಯರು ಇನ್ನೊಂದು ಮಾತು ಹೇಳಿದರು: "ಮೊದಲು ಬಿಸುಪು, ಆಮೇಲೆ ಹಾಲು." ಎಳೆಯ ಮರಿ ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳಲಾರದು. ಮೈ ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಅರಗುವುದಿಲ್ಲ, ಕೇಡೇ ಆಗುತ್ತದೆ. ಬಾಲಕ ಹಾಗೆಯೇ ಮಾಡಿದ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮಗ್ಗುಲಲ್ಲಿಟ್ಟ. ದೊಡ್ಡ ಮರಿಗಳನ್ನು ಸ್ವಲ್ಪ ಹೊತ್ತು ಬುಟ್ಟಿಯಲ್ಲಿಟ್ಟು ಇದನ್ನು ತಾಯಿಯ ಮೊಲೆಗೆ ಹಿಡಿದ. ದಿನವೂ ಉಗ್ರಾಣದ ತಕ್ಕಡಿಯಲ್ಲಿ ತೂಗಿದ. ಮೊದಲ ದಿನ 180 ಗ್ರಾಂ; ಎರಡು ವಾರದಲ್ಲಿ, ಕಣ್ಣು ತೆರೆಯುವ ಹೊತ್ತಿಗೆ, ಅದರ ಎರಡರಷ್ಟು.

ಒಂದು ಮಧ್ಯಾಹ್ನ ದಾಸೋಹದ ಪಂಕ್ತಿಯ ಕಡೆ ಹೋದೆವು. ಆ ಬಾಲಕ ಸಾಲಿನ ಕೊನೆಯಲ್ಲಿ ಕುಳಿತಿದ್ದ. ಅವನವರೆಗೆ ಬರುವಷ್ಟರಲ್ಲಿ ಪಲ್ಯದ ಪಾತ್ರೆ ಬರಿದಾಗಿತ್ತು. "ದಿನವೂ ಹೀಗೆಯೋ?" ಎಂದೆವು. ಅವನು ತಲೆ ತಗ್ಗಿಸಿದ. ನಾಯಿಮರಿ ಏಕೆ ಸಣ್ಣದೆಂದು ಅವನು ಕೇಳಿದ್ದರ ಅರ್ಥ ಆಗ ನಮಗೆ ತಿಳಿಯಿತು. ಮಠದ ಪೀಠದಲ್ಲಿ ಕುಳಿತವರಿಗೆ ಮಠದ ಪಂಕ್ತಿ ಕಂಡಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಬಡಿಸುವುದು ಚಿಕ್ಕವರ ಕಡೆಯಿಂದ.

12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಹುಟ್ಟಿನ ಮೇಲೆ ಹಿರಿತನ ಅಳೆಯುವುದನ್ನು ಒಪ್ಪಲಿಲ್ಲ. ನಾವು ಅವರ ಹೆಸರು ಹೇಳುತ್ತೇವೆ. ಆದರೆ ನಿಮ್ಮ ಮನೆಯಲ್ಲಿ ಓದಿನಲ್ಲಿ ಹಿಂದುಳಿದ ಮಗನನ್ನು, ಸೊರಗಿದ ಸೊಸೆಯನ್ನು ಕಂಡು "ಅವರ ಹಣೆಬರಹ" ಎನ್ನುವುದಿಲ್ಲವೆ? ಆ ಮಾತು ಆಡುವ ಮೊದಲು ಕೇಳಿಕೊಳ್ಳಿ: ಅವರ ಪಾಲು ಅವರಿಗೆ ಮುಟ್ಟಿತೆ? ಬುದ್ಧಿವಾದ ಹೇಳುವ ಮುನ್ನ ಬಿಸುಪು ಕೊಟ್ಟೆವೆ? ಎಲ್ಲ ಮರಿಯೂ ಉಳಿಯಲಿಕ್ಕಿಲ್ಲ. ಉಳಿಸುವುದು ಶಿವನ ಚಿತ್ತ, ಎತ್ತಿಕೊಳ್ಳುವುದು ನಮ್ಮ ಕಾಯಕ.

ಆ ಮರಿ ಈಗ ಕೊಟ್ಟಿಗೆ ಕಾಯುತ್ತಿದೆ. ಹೊರಡುವಾಗ ನೋಡಿ ಹೋಗಿರಿ. ಆರರಲ್ಲಿ ಸಣ್ಣದು ಯಾವುದೆಂದು ನಿಮಗೆ ಗುರುತು ಸಿಗಲಾರದು.